ಕುಷ್ಟಣ್ಣನ ಕಾರಿಗೆ ನಾಲ್ಕು ಓಮ್

ಕಿರಿಮಂಜೇಶ್ವರ
12 ಆಗಸ್ಟ್ 2002

ಬ್ರಹ್ಮಾವರದ ಕಾರ್ ಸ್ಟೀರಿಯೊ ಅಂಗಡಿಯವರಿಗೆ ಕಿರಿಮಂಜೇಶ್ವರದ ಕುಷ್ಟನ ನಮಸ್ಕಾರಗಳು.

ನಿಮಗೆ ನನ್ನ ಗುರುತಿಲ್ಲ. ಬಸ್ಸಿನ ಕಂಡಕ್ಟರ್ ಭೋಜ ನಿಮ್ಮ ಅಂಗಡಿಯ ವಿಷಯ ಹೇಳಿದ, ಅದಕ್ಕೆ ಬರೆಯುತ್ತಿದ್ದೇನೆ. ನನ್ನದು ಬಿಳಿ ಅಂಬಾಸಿಡರ್ ಕಾರು. ಬೈಂದೂರು ರೈಲ್ವೆ ಸ್ಟೇಷನ್ನಿನ ಎದುರು ಬಾಡಿಗೆಗೆ ನಿಲ್ಲಿಸುತ್ತೇನೆ. ಕೊಲ್ಲೂರಿಗೆ ಹೋಗುವ ಯಾತ್ರಿಕರೇ ಹೆಚ್ಚು. ದಾರಿಯಲ್ಲಿ ಅವರಿಗೆ ಭಜನೆ ಬೇಕು, ಖಾಲಿ ಕಾರಿನಲ್ಲಿ ವಾಪಸ್ಸು ಬರುವಾಗ ನನಗೆ ಯಕ್ಷಗಾನದ ಪದ ಬೇಕು. ಈಗ ಎರಡೂ ಇಲ್ಲ. ಹಿಂದಿನ ಸೀಟಿನ ಬೆನ್ನಿಗಿರುವ ಎರಡು ಸ್ಪೀಕರುಗಳ ಕಾಗದ ಈ ಮಳೆಗಾಲದ ತೇವಕ್ಕೆ ಹರಿದುಹೋಗಿದೆ. ಭಾಗವತರು ಸ್ವರ ಎತ್ತಿದರೆ ಡಬ್ಬದಲ್ಲಿ ಜಲ್ಲಿಕಲ್ಲು ಅಲ್ಲಾಡಿಸಿದಂತೆ ಕೇಳುತ್ತದೆ.

ಕ್ಯಾಸೆಟ್ ಹಾಕುವ ಸೆಟ್ಟು ಮಾತ್ರ ಸರಿಯಿದೆ. ಅದರ ಹಿಂಬದಿಯ ಚೀಟಿಯಲ್ಲಿ ‘ನಾಲ್ಕು ಓಮ್’ ಎಂದು ಬರೆದಿದೆ. ಕುಂದಾಪುರದ ಒಂದು ಅಂಗಡಿಯಲ್ಲಿ ಕೇಳಿದಾಗ ಎಂಟು ಓಮಿನದ್ದು ಒಂದು ಜೊತೆ, ಎರಡು ಓಮಿನದ್ದು ಒಂದು ಜೊತೆ ಇದೆ, ಯಾವುದಾದರೂ ಆಗುತ್ತದೆ ಎಂದರು. ಎಂಟು ದೊಡ್ಡದು, ಅದನ್ನೇ ಹಾಕುವುದು ಒಳ್ಳೆಯದೆಂದು ನನಗೆ ಕಾಣುತ್ತದೆ. ನಿಮ್ಮ ಅಭಿಪ್ರಾಯ ಏನು? ತೂತಿನ ಅಗಲ ಆರೂವರೆ ಇಂಚು. ಮಗಳ ಹೊಲಿಗೆ ಟೇಪಿನಿಂದ ಅಳೆದದ್ದು.

ಇಷ್ಟು ಅಪ್ಪಯ್ಯ ಹೇಳಿ ಬರೆಸಿದ್ದು. ಇನ್ನು ಬರೆಯುತ್ತಿರುವವಳು ನಾನು, ಅವರ ಮಗಳು. ಫೋನ್ ಮಾಡಿದರೆ ಎರಡು ನಿಮಿಷದ ಕೆಲಸ ಎಂದು ನಾನು ಹೇಳಿದೆ. ಅಪ್ಪಯ್ಯ ಗಂಗೊಳ್ಳಿ ಬಂದರಿನಲ್ಲಿ ಇಪ್ಪತ್ತೆಂಟು ವರ್ಷ ಮೀನು ತೂಗಿದವರು. “ಬಾಯಂಗೆ ಹೇಳಿದ್ದ್ ಗಾಳಿಗೆ ಹೋತ್ತ್. ಕಾಗ್ದದಂಗೆ ಬರ್ಸ್ಕಣ್ಕ್” ಎನ್ನುತ್ತಾರೆ. ಅವರ ಅಕ್ಷರ ಅವರಿಗೆ ಮಾತ್ರ ಓದಲು ಬರುವುದರಿಂದ ಬರೆಯುವ ಕೆಲಸ ನನ್ನದು. “ಹೆಣೆ, ನಾ ಹೇಳ್ದಾಂಗೆ ಬರಿ, ನಿನ್ನ ಮಸಾಲಿ ಹಾಕ್ಬೇಡ” ಎಂದು ಈಗಲೂ ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾರೆ. ಉತ್ತರವನ್ನು ಭೋಜಣ್ಣನ ಬಸ್ಸಿಗೆ ಕೊಟ್ಟರೆ ನಮಗೆ ತಲುಪುತ್ತದೆ.

ಇತಿ,
ಕುಷ್ಟ
(ಬರೆದವಳು ಸ್ವರ್ಣಲತಾ)


ಬ್ರಹ್ಮಾವರ
16 ಆಗಸ್ಟ್ 2002

ಕುಷ್ಟಣ್ಣನವರಿಗೆ ರತೀಶನ ವಂದನೆಗಳು.

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಅಂಗಡಿ ತೆರೆದು ಮೂರು ವರ್ಷವಾಯಿತು, ಸ್ಪೀಕರ್ ಹಾಕುವ ಮೊದಲು ಓಮ್ ಎಷ್ಟೆಂದು ವಿಚಾರಿಸಿದ ಮೊದಲ ಗಿರಾಕಿ ನೀವು. ಉಳಿದವರು ಕೇಳುವುದು ಒಂದೇ, “ಹ್ವಾಯ್, ಇದ್ ಎಷ್ಟ್ ದೊಡ್ಡಕ್ ಕೇಂತ್ತ್?”

ಸೆಟ್ಟಿನಿಂದ ಬರುವ ಕರೆಂಟಿಗೆ ಸ್ಪೀಕರು ಒಡ್ಡುವ ತಡೆಗೆ ಇಂಪೀಡೆನ್ಸ್ ಎನ್ನುತ್ತಾರೆ. ಅದರ ಅಳತೆಯೇ ಓಮ್. ಸೆಟ್ಟನ್ನು ಊಟ ಬಡಿಸುವವ ಎಂದುಕೊಳ್ಳಿ, ಸ್ಪೀಕರನ್ನು ಎಲೆಯ ಮುಂದೆ ಕುಳಿತವ ಎಂದುಕೊಳ್ಳಿ. ಓಮ್ ಸಣ್ಣದಾದಷ್ಟೂ ಹಸಿವು ದೊಡ್ಡದು. ಎಂಟು ಓಮಿನವ ಎರಡು ತುತ್ತಿಗೇ ಕೈ ತೊಳೆಯುತ್ತಾನೆ. ಸೆಟ್ಟಿಗೆ ಅಪಾಯವಿಲ್ಲ, ಆದರೆ ನಿಮ್ಮ ಭಾಗವತರ ಸ್ವರ ಸಣ್ಣದಾಗುತ್ತದೆ. ಎರಡು ಓಮಿನವ ಹಂಡೆ ಖಾಲಿ ಮಾಡುವವ. ಅವನಿಗೆ ಬಡಿಸಿ ಬಡಿಸಿ ಸೆಟ್ಟು ಬಿಸಿಯಾಗಿ ಸುಟ್ಟುಹೋಗುತ್ತದೆ. ‘ನಾಲ್ಕು’ ಎಂದು ಬರೆದಿರುವುದರ ಅರ್ಥ, ಇದಕ್ಕಿಂತ ಹೆಚ್ಚು ಹಸಿದವರನ್ನು ನನ್ನ ಮುಂದೆ ಕೂರಿಸಬೇಡಿ ಎಂದು. ಹಾಗಾಗಿ ನಿಮಗೆ ನಾಲ್ಕೇ ಸರಿ.

ಆರೂವರೆ ಇಂಚಿನ ನಾಲ್ಕು ಓಮಿನ ಜೊತೆ ನನ್ನಲ್ಲಿದೆ. ಭೋಜಣ್ಣನ ಹತ್ತಿರ ಹೂಂ ಎಂದು ಹೇಳಿ ಕಳಿಸಿದರೆ ಮರುದಿನವೇ ಬಸ್ಸಿಗೆ ಹಾಕುತ್ತೇನೆ.

ಪತ್ರದಲ್ಲಿ ಮಸಾಲೆ ಇದ್ದರೆ ನನ್ನ ಅಭ್ಯಂತರವಿಲ್ಲ. ಬರೆದವರಿಗೆ ತಿಳಿಸಬೇಕಾಗಿ ವಿನಂತಿ.

ಇತಿ ನಿಮ್ಮ ವಿಶ್ವಾಸಿ,
ರತೀಶ್


ಕಿರಿಮಂಜೇಶ್ವರ
2 ಸೆಪ್ಟೆಂಬರ್ 2002

ರತೀಶ್ ಅವರಿಗೆ ಕುಷ್ಟನ ನಮಸ್ಕಾರಗಳು.

ಸ್ಪೀಕರು ತಲುಪಿತು, ಹಾಕಿಯೂ ಆಯಿತು. ನಾನೇ ಹಾಕಿದೆ. ಬಹಳ ಚೆನ್ನಾಗಿದೆ. ಚೆಂಡೆಯ ಪೆಟ್ಟು ಬೆನ್ನಿಗೇ ತಾಗುತ್ತದೆ. ಕಣ್ಣೂರಿನಿಂದ ಬಂದ ಯಾತ್ರಿಕರೊಬ್ಬರು ಕೊಲ್ಲೂರು ಬಂದ ಮೇಲೂ ಭಜನೆ ಮುಗಿಯಲಿ ಎಂದು ಇಳಿಯದೆ ಕುಳಿತಿದ್ದರು. ನಿಮಗೆ ಒಳ್ಳೆಯದಾಗಲಿ.

ಇತಿ,
ಕುಷ್ಟ

(ಎರಡನೆಯ ಹಾಳೆ)

ಈ ಹಾಳೆಯನ್ನು ಅಪ್ಪಯ್ಯನಿಗೆ ಓದಿ ಹೇಳಿಲ್ಲ.

ಮೇಲಿನದ್ದನ್ನು ಓದಿದರೆ ಅವರ ಸಂತೋಷದ ಕಾಲುಭಾಗವೂ ನಿಮಗೆ ಗೊತ್ತಾಗುವುದಿಲ್ಲ. ಸ್ಪೀಕರ್ ಹಾಕಿದ ಸಂಜೆ ಅವರು ಮನೆಯೊಳಗೆ ಬರಲೇ ಇಲ್ಲ. ಅಂಗಳದಲ್ಲಿ ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಒಂದು ಪ್ರಸಂಗದ ಮೂರು ಕ್ಯಾಸೆಟ್ಟನ್ನೂ ಕೇಳಿದರು. ಅಮ್ಮ ಚಾ ತೆಗೆದುಕೊಂಡು ಹೋಗಿ ಕಾರಿನ ಕಿಟಕಿಯಿಂದ ಕೊಟ್ಟಳು. “ಜಲಜಾ, ಬಾ, ಹತ್ತ್, ಬಾಡ್ಗಿ ಇಲ್ಲೆ” ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅಮ್ಮ ಆ ಕಾರಿನಲ್ಲಿ ಎಲ್ಲಿಗೂ ಹೋಗದೆ ಎರಡು ಗಂಟೆ ಕುಳಿತದ್ದು ಇದೇ ಮೊದಲು. ನಾನು ಹೊಲಿಗೆ ಮೆಷಿನ್ ನಿಲ್ಲಿಸಿ ಜಗಲಿಯಿಂದ ನೋಡುತ್ತಿದ್ದೆ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಒಳಗೆ ಬಂದ ಮೇಲೆ ಅಪ್ಪಯ್ಯ ಹೇಳಿದ್ದು, “ಬ್ರಹ್ಮಾವರ್ದ ಹುಡ್ಗ ಪ್ರಾಮಾಣಿಕ.” ಅವರ ಬಾಯಿಂದ ಈ ಮಾತು ಸುಲಭಕ್ಕೆ ಬರುವುದಿಲ್ಲ. ನನ್ನ ಸೋದರಮಾವನಿಗೇ ಇನ್ನೂ ಸಿಕ್ಕಿಲ್ಲ.

ಇನ್ನೊಂದು ವಿಷಯ ಹೇಳದೆ ಇರಲಾಗುವುದಿಲ್ಲ. ಕಳೆದ ಗುರುವಾರ ಉಡುಪಿಗೆ ಲೈನಿಂಗ್ ಬಟ್ಟೆ ತರಲು ಹೋದವಳು ಬ್ರಹ್ಮಾವರದಲ್ಲಿ ಇಳಿದು ನಿಮ್ಮ ಅಂಗಡಿಗೆ ಬಂದು ಎರಡು ಪೆನ್ಸಿಲ್ ಸೆಲ್ ತೆಗೆದುಕೊಂಡೆ. ನಮ್ಮ ಮನೆಯಲ್ಲಿ ಪೆನ್ಸಿಲ್ ಸೆಲ್ ಹಾಕುವ ವಸ್ತುವೇ ಇಲ್ಲ. ನೀವು ಒಂದೊಂದನ್ನೂ ಮೀಟರಿಗೆ ಹಿಡಿದು ನೋಡಿ, ಮೂರನ್ನು ಬದಿಗಿಟ್ಟು ಎರಡನ್ನು ಕೊಟ್ಟಿರಿ. ನನ್ನ ಮುಖ ಮಾತ್ರ ನೋಡಲಿಲ್ಲ.

ಸ್ವರ್ಣಲತಾ


ಬ್ರಹ್ಮಾವರ
6 ಸೆಪ್ಟೆಂಬರ್ 2002

(ಎರಡನೆಯ ಹಾಳೆ)

ಸ್ವರ್ಣಲತಾ ಅವರೇ,

ಮೊದಲನೆಯ ಹಾಳೆಯಲ್ಲಿ ನಿಮ್ಮ ಅಪ್ಪಯ್ಯನವರಿಗೆ ಧನ್ಯವಾದ ಬರೆದಿದ್ದೇನೆ. ಅದನ್ನು ಬರೆಯಲು ಐದು ನಿಮಿಷ ಹಿಡಿಯಿತು. ಇದನ್ನು ಮೂರು ದಿನದಿಂದ ಬರೆಯುತ್ತಿದ್ದೇನೆ.

ಮುಖ ನೋಡಲಿಲ್ಲ ಎಂಬ ಆರೋಪ ಸುಳ್ಳು. ಹಸಿರು ಕೊಡೆ, ಕೈಯಲ್ಲಿ ಬಟ್ಟೆಯ ಚೀಲ. “ಸೆಲ್ಲನ್ನೂ ನೋಡಿಯೇ ಕೊಡುತ್ತೀರಾ?” ಎಂದು ಕೇಳಿದಿರಿ. ನಾನು ಹೌದು ಎಂದೆ. ಅದಕ್ಕಿಂತ ಹೆಚ್ಚು ಏನಾದರೂ ಹೇಳಬೇಕಿತ್ತು ಎಂದು ನೀವು ರಸ್ತೆ ದಾಟುವಾಗ ಹೊಳೆಯಿತು. ನನ್ನ ಬುದ್ಧಿ ಯಾವಾಗಲೂ ಒಂದು ಬಸ್ಸು ತಡ.

ನಮ್ಮದೂ ಮೀನು ಮಾರಿ ಬದುಕಿದ ಮನೆಯೇ. ಅಜ್ಜಿ ಇಲ್ಲಿನ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದರು. ತೂಕದ ವಿಷಯದಲ್ಲಿ ಅವರೂ ನಿಮ್ಮ ಅಪ್ಪಯ್ಯನ ಹಾಗೆಯೇ. ಆದ್ದರಿಂದ ‘ಪ್ರಾಮಾಣಿಕ’ ಎಂಬ ಮಾತಿನ ಬೆಲೆ ನನಗೆ ಗೊತ್ತು.

ಇನ್ನೂ ಬರೆಯಬಹುದೇ?

ರತೀಶ್


ಕಿರಿಮಂಜೇಶ್ವರ
27 ಸೆಪ್ಟೆಂಬರ್ 2002

ರತೀಶರಿಗೆ ಕುಷ್ಟ ಬರೆಸುವುದು.

ನೀವು ನಾಲ್ಕು ಓಮ್ ಎಂದು ಕಳಿಸಿದ ಸ್ಪೀಕರನ್ನು ನಿನ್ನೆ ಬೈಂದೂರಿನ ಎಲೆಕ್ಟ್ರಿಷಿಯನ್ ಶೇಖರನ ಮೀಟರಿನಲ್ಲಿ ಅಳೆದೆ. ತಂತಿ ಬಿಚ್ಚಿಯೇ ಅಳೆದದ್ದು. ಎಡಗಡೆಯದ್ದು ಮೂರು ಪಾಯಿಂಟ್ ನಾಲ್ಕು. ಬಲಗಡೆಯದ್ದೂ ಮೂರು ಪಾಯಿಂಟ್ ನಾಲ್ಕು. ಒಂದೊಂದರಲ್ಲಿ ಪಾಯಿಂಟ್ ಆರು ಕಡಿಮೆ. ಇದಕ್ಕೆ ನಿಮ್ಮ ಉತ್ತರ ಏನು? ಬರವಣಿಗೆಯಲ್ಲಿ ಕೊಡಬೇಕು.

ಇತಿ,
ಕುಷ್ಟ

(ಈ ಹಾಳೆಯ ಹಿಂಬದಿ)

ಇದು ನನ್ನದು. ಮೊದಲು ಒಂದು ಎಚ್ಚರಿಕೆ. ಈ ಮೂರು ವಾರದಲ್ಲಿ ಬಂದ ನಿಮ್ಮ ಮೂರು ಪತ್ರಗಳಲ್ಲೂ ಎರಡು ಹಾಳೆ ಇದ್ದುದರಿಂದ ಅಪ್ಪಯ್ಯ “ಅಂಗ್ಡಿಯವ್ನಿಗೆ ಎರಡ್ ಹಾಳಿ ಬರುಕೆ ಎಂತ ಇತ್ತ್?” ಎಂದು ಕೇಳಿದರು. ಗ್ಯಾರಂಟಿ ಕಾಗದ ಎಂದೆ. ಇನ್ನು ಮೇಲೆ ಒಂದೇ ಹಾಳೆಯಲ್ಲಿ ಬರೆಯಿರಿ, ನನ್ನದನ್ನು ಹಿಂದೆ ಬರೆಯಿರಿ. ಓದಿ ಹೇಳುವವಳು ನಾನೇ ಆದ್ದರಿಂದ ಅವರು ತಿರುಗಿಸಿ ನೋಡುವುದಿಲ್ಲ.

ಈಗ ಮನೆಯ ಸ್ಥಿತಿ. ಮೇಲಿನ ಪತ್ರವನ್ನು ನಾನು ಬಹಳ ತಣ್ಣಗೆ ಮಾಡಿ ಬರೆದಿದ್ದೇನೆ. ಅವರು ಹೇಳಿದ್ದು ಹೀಗೆ: “ಇಪ್ಪತ್ತೆಂಟ್ ವರ್ಷ ತಕ್ಡಿ ಹಿಡ್ದಿದ್ದೆ. ಒಂದ್ ಬಂಗ್ಡಿ ಕಮ್ಮಿ ಹಾಕಿದ್ದಿಲ್ಲೆ. ತೂಗಿ ಆದ್ಮೇಲೂ ಕೊಸ್ರ್ ಅಂದ್ಹೇಳಿ ಒಂದ್ ಮೀನ್ ಮೇಲಿಂದ ಹಾಕ್ತಿದ್ದೆ. ಇವ ಕೊಸ್ರ್ ಬಿಡ್, ತೂಕವೇ ಸಮ ಕೊಡ್ಲಿಲ್ಲೆ!” ಸ್ಪೀಕರ್ ಚೆನ್ನಾಗಿ ಹಾಡುತ್ತದಲ್ಲ ಎಂದು ಅಮ್ಮ ಹೇಳಿದ್ದಕ್ಕೆ, ಕಡಿಮೆ ತೂಕದ ಮೀನೂ ಸಾರಿನಲ್ಲಿ ರುಚಿಯಾಗಿಯೇ ಇರುತ್ತದೆ ಎಂದರು.

ನನಗೆ ಸಂಕಟವಾಗುತ್ತಿದೆ. ಕಳೆದ ಪತ್ರದಲ್ಲಿ ನನ್ನನ್ನು ಮದುವೆಯಾಗುತ್ತೀರಾ ಎಂದು ನೀವು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ. ಆದರೆ ಅಪ್ಪಯ್ಯ ಒಪ್ಪದೆ ಆ ಹೌದಿಗೆ ಏನೂ ಅರ್ಥವಿಲ್ಲ, ಅವರನ್ನು ನೋಯಿಸಿ ನಾನು ಎಲ್ಲಿಗೂ ಬರುವವಳಲ್ಲ. ತೂಕದಲ್ಲಿ ಮೋಸ ಮಾಡಿದವನಿಗೆ ಅವರು ಮಗಳನ್ನಿರಲಿ, ಕುಡಿಯಲು ನೀರನ್ನೂ ಕೊಡುವುದಿಲ್ಲ. ಆ ಪಾಯಿಂಟ್ ಆರು ಎಲ್ಲಿ ಹೋಯಿತು ಎಂದು ಅವರಿಗೆ ತೋರಿಸಿ ಮಾರಾಯರೇ.

ಸ್ವರ್ಣ


ಬ್ರಹ್ಮಾವರ
3 ಅಕ್ಟೋಬರ್ 2002

ಕುಷ್ಟಣ್ಣನವರಿಗೆ ರತೀಶನ ವಂದನೆಗಳು.

ನೀವು ಅಳೆದದ್ದು ಸರಿ. ನಾನು ಕೊಟ್ಟದ್ದೂ ಸರಿ. ಮೀಟರು ತೋರಿಸುವುದು ಸುಮ್ಮನೆ ಕುಳಿತ ಸ್ಪೀಕರಿನೊಳಗಿನ ತಂತಿಯ ತಡೆಯನ್ನು ಮಾತ್ರ. ಹಾಡು ಹರಿದು ತಂತಿಯ ಸುರುಳಿ ಅಲುಗಾಡಲು ತೊಡಗಿದ ಮೇಲೆ ತಡೆ ಹೆಚ್ಚುತ್ತದೆ. ಸ್ಪೀಕರಿನ ಮೇಲೆ ಬರೆಯುವ ನಾಲ್ಕು ಎಂಬುದು ಹಾಡುವಾಗಿನ ಲೆಕ್ಕ. ಕುಂದಾಪುರದಲ್ಲಿ ಯಾವ ಅಂಗಡಿಗಾದರೂ ಮೀಟರ್ ತೆಗೆದುಕೊಂಡು ಹೋಗಿ ನಾಲ್ಕು ಓಮಿನ ಸ್ಪೀಕರನ್ನು ಅಳೆದು ನೋಡಿ, ಮೂರೂಕಾಲು ಮೂರೂವರೆಯ ಆಸುಪಾಸಿನಲ್ಲೇ ಇರುತ್ತದೆ.

ಆದರೂ ಕೊಸರು ಕೊಡದೆ ಇದ್ದದ್ದು ನನ್ನ ತಪ್ಪೇ. ಮೀನಿನ ಮನೆಯಲ್ಲಿ ಹುಟ್ಟಿ ಅದನ್ನು ಮರೆತೆ. ಈ ಪತ್ರದೊಂದಿಗೆ ನಾಲ್ಕಿಂಚಿನ ಒಂದು ಸಣ್ಣ ಜೊತೆ ಸ್ಪೀಕರನ್ನು ಕೊಸರಾಗಿ ಕಳಿಸುತ್ತಿದ್ದೇನೆ. ಮುಂದಿನ ಸೀಟಿನವರಿಗೆ ಚೆನ್ನಾಗಿ ಕೇಳುತ್ತದೆ.

ಒಂದು ಮಾತು ಮಾತ್ರ ದಯವಿಟ್ಟು ಗಮನಿಸಬೇಕು. ಇವುಗಳನ್ನು ಹಿಂದಿನ ಸ್ಪೀಕರಿನ ತಂತಿಗೇ ಪಕ್ಕಪಕ್ಕ ಸೇರಿಸಿ ಕಟ್ಟಬೇಡಿ. ಇವೂ ನಾಲ್ಕು ಓಮಿನವೇ. ತೂಕದಲ್ಲಾದರೆ ನಾಲ್ಕಕ್ಕೆ ನಾಲ್ಕು ಸೇರಿ ಎಂಟಾಗುತ್ತದೆ. ಇಲ್ಲಿ ಹಾಗೆ ಕಟ್ಟಿದರೆ ಎರಡಾಗುತ್ತದೆ, ಸೆಟ್ಟು ಸುಡುತ್ತದೆ. ಯಾವಾಗಲಾದರೂ ಬ್ರಹ್ಮಾವರದ ಕಡೆ ಬಾಡಿಗೆ ಬಂದಾಗ ಅಂಗಡಿಗೆ ಬನ್ನಿ, ನಾನೇ ಕಟ್ಟಿಕೊಡುತ್ತೇನೆ. ಅಲ್ಲಿಯವರೆಗೆ ಪೆಟ್ಟಿಗೆಯಲ್ಲೇ ಇರಲಿ.

ಇತಿ ನಿಮ್ಮ ವಿಶ್ವಾಸಿ,
ರತೀಶ್

(ಹಿಂಬದಿ)

ಸ್ವರ್ಣಾ,

ನಿಮ್ಮ ‘ಹೌದು’ ಓದಿದ ದಿನ ಒಬ್ಬ ಗಿರಾಕಿಯ ಕಾರಿಗೆ ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಕಟ್ಟಿ ಕಳಿಸಿದೆ. ಅವರು ಮರುದಿನ ವಾಪಸ್ಸು ಬಂದಾಗಲೂ ನಗುತ್ತಲೇ ಇದ್ದೆನಂತೆ.

ಕೊಸರು ಕಳಿಸುವುದರಲ್ಲಿ ನನ್ನ ಸ್ವಾರ್ಥವೂ ಇದೆ. ಅದನ್ನು ಕಟ್ಟಿಸಲು ಅವರು ಇಲ್ಲಿಗೆ ಬಂದರೆ, ಅವರ ಎದುರು ಕುಳಿತು, ನಿಮ್ಮ ಮಗಳನ್ನು ನನಗೆ ಮದುವೆ ಮಾಡಿಕೊಡಿ ಎಂದು ಬಾಯಿಬಿಟ್ಟು ಕೇಳುತ್ತೇನೆ. ಧೈರ್ಯ ಸಾಲದಿದ್ದರೆ ಬರವಣಿಗೆಯಲ್ಲಿ ಕೊಡುತ್ತೇನೆ. ಅವರಿಗೆ ಅದೇ ಇಷ್ಟವಲ್ಲವೇ?

ನಿಮ್ಮ,
ರತೀಶ್


ಕಿರಿಮಂಜೇಶ್ವರ
9 ಅಕ್ಟೋಬರ್ 2002

ರತೀಶ್ ಅವರೇ,

ಈ ಪತ್ರ ಪೂರ್ತಿ ನನ್ನದು. ಅಪ್ಪಯ್ಯ ಏನೂ ಬರೆಸಿಲ್ಲ. ನಿಮ್ಮ ಹೆಸರನ್ನು ಈ ಮನೆಯಲ್ಲಿ ಎತ್ತಬಾರದೆಂದು ಆಜ್ಞೆಯಾಗಿದೆ.

ನಡೆದದ್ದು ಹೇಳುತ್ತೇನೆ. ಭಾನುವಾರ ಭೋಜಣ್ಣ ಪೆಟ್ಟಿಗೆಯನ್ನೂ ಪತ್ರವನ್ನೂ ಕೊಟ್ಟರು. ಅಪ್ಪಯ್ಯ ಸ್ನಾನಕ್ಕೆ ಹೋಗಿದ್ದರು. ನಾನು ಒಡೆದು ಓದಿದೆ. ಮೊದಲು ಓದಿದ್ದು ಹಿಂಬದಿಯನ್ನು. ಅದನ್ನು ಓದಿದ ಮೇಲೆ ಆ ಹಾಳೆಯನ್ನು ಅಪ್ಪಯ್ಯನ ಎದುರು ಹಿಡಿದು ನಿಲ್ಲಲು ನನ್ನ ಕೈ ಒಪ್ಪಲಿಲ್ಲ. ಮುಂದಿನ ಬದಿಯನ್ನು ಬೇರೆ ಹಾಳೆಗೆ ನಕಲು ಮಾಡಿ ಸಂಜೆ ಓದಿ ಹೇಳೋಣ ಎಂದು ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ ಇಟ್ಟೆ. ಪೆಟ್ಟಿಗೆಯನ್ನು ಜಗಲಿಯಲ್ಲೇ ಬಿಟ್ಟಿದ್ದೆ. ಮಧ್ಯಾಹ್ನ ನಾನು ನವರಾತ್ರಿಯ ರವಿಕೆಗಳನ್ನು ಕೊಟ್ಟು ಬರಲು ನಾಗೂರಿಗೆ ಹೋದೆ. ಬರುವಷ್ಟರಲ್ಲಿ ಅಪ್ಪಯ್ಯ ಪೆಟ್ಟಿಗೆ ಬಿಚ್ಚಿ, ಬ್ರಹ್ಮಾವರದಿಂದ ಕೊಸರೇ ಬಂದಿರಬೇಕು ಎಂದು ಖುಷಿಪಟ್ಟು, ನಾಲ್ಕಕ್ಕೆ ನಾಲ್ಕು ಸೇರಿದರೆ ಎಂಟು, ಸೆಟ್ಟಿಗೆ ಏನೂ ಭಯವಿಲ್ಲ ಎಂದು ಲೆಕ್ಕ ಹಾಕಿ, ಅದೇ ತಂತಿಗೆ ಕಟ್ಟಿ ಮುಗಿಸಿದ್ದರು. ನಾಲ್ಕೂ ಸ್ಪೀಕರು ಜೋರಾಗಿ ಹಾಡುತ್ತಿದ್ದವು. ಅವರ ಮುಖ ಅರಳಿತ್ತು. ಬಿಚ್ಚಿ ಎನ್ನಬೇಕಾದರೆ ಪತ್ರ ತೋರಿಸಬೇಕು. ಪತ್ರ ತೋರಿಸಿದರೆ ಹಿಂಬದಿಯೂ ಕಾಣುತ್ತದೆ. ಬೆಳಿಗ್ಗೆ ಹೇಳೋಣ ಎಂದು ಸುಮ್ಮನಾದೆ.

ಬೆಳಿಗ್ಗೆ ನಾನು ಏಳುವ ಮೊದಲೇ ಅವರು ಸ್ಟೇಷನ್ನಿಗೆ ಹೋಗಿಯಾಗಿತ್ತು. ನವರಾತ್ರಿಯ ಮೊದಲ ದಿನ. ಕಾಸರಗೋಡಿನ ಐವರನ್ನು ಕೂರಿಸಿಕೊಂಡು ಕೊಲ್ಲೂರಿಗೆ ಹೊರಟರಂತೆ. ಅರ್ಧ ದಾರಿಯಲ್ಲಿ ಸೆಟ್ಟಿನಿಂದ ವಾಸನೆ, ಆಮೇಲೆ ಹೊಗೆ. ಐದೂ ಜನ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದರಂತೆ. ಯಾರಿಗೂ ಏನೂ ಆಗಲಿಲ್ಲ, ಸೆಟ್ಟೊಂದು ಸತ್ತಿತು. ಕಾಸರಗೋಡಿನ ಅಜ್ಜಿಯೊಬ್ಬರು ಮತ್ತೆ ಕಾರು ಹತ್ತಲು ಒಪ್ಪದೆ ಹಿಂದೆ ಬಂದ ಬಸ್ಸಿನಲ್ಲಿ ಹೋದರು.

ಅಪ್ಪಯ್ಯನಿಗೆ ಅದೇ ದೊಡ್ಡ ಅವಮಾನ. “ತೂಕದಂಗೆ ಮೋಸ ಮಾಡ್ದ, ನಾ ಕೇಂಡದ್ದಕ್ಕೆ ಸಿಟ್ಟಂಗೆ ಹಾಳ್ ಕೊಸ್ರ್ ಕಳ್ಸ್ದ. ಒಂದ್ ಚೀಟಿಯಾರೂ ಬರ್ದ್ ಹಾಕ್ಕಿತ್ತಲ್ದಾ?” ಎಂದು ಕೇಳುತ್ತಿದ್ದಾರೆ. ನೀವು ಒಂದು ಪುಟ ಪೂರ್ತಿ ಬರೆದಿದ್ದೀರಿ. ಅದು ನಾನು ಕುಳಿತಿರುವ ಮೆಷಿನ್ನಿನ ಖಾನೆಯಲ್ಲಿದೆ.

ನನ್ನ ಹೆದರಿಕೆಯಿಂದ ನಿಮ್ಮ ಹೆಸರು ಕೆಟ್ಟಿದೆ. ಇದನ್ನು ಹೀಗೇ ಬಿಟ್ಟರೆ ನಾನು ನಿಮಗೂ ಲಾಯಕ್ಕಿಲ್ಲ, ಅವರ ಮಗಳಾಗಲೂ ಲಾಯಕ್ಕಿಲ್ಲ. ಹೇಳುತ್ತೇನೆ. ಇವತ್ತು ಬಾಯಿಯವರೆಗೆ ಬಂದದ್ದು ಎರಡು ಸಲ ವಾಪಸ್ಸು ಹೋಯಿತು. ದಯವಿಟ್ಟು ಸಿಟ್ಟು ಮಾಡಬೇಡಿ.

ಸ್ವರ್ಣ


ಬ್ರಹ್ಮಾವರ
11 ಅಕ್ಟೋಬರ್ 2002

ಪೂಜ್ಯ ಕುಷ್ಟಣ್ಣನವರಿಗೆ ರತೀಶನ ನಮಸ್ಕಾರಗಳು.

ನಿಮ್ಮ ಕಾರಿನ ಸೆಟ್ಟು ಸುಟ್ಟುಹೋದ ಸುದ್ದಿ ಕೇಳಿ ಬಹಳ ಬೇಸರವಾಯಿತು. ತಪ್ಪು ಪೂರ್ತಿ ನನ್ನದು. ಕೊಸರಿನ ಸ್ಪೀಕರುಗಳನ್ನು ಹೇಗೆ ಕಟ್ಟಬೇಕು, ಹೇಗೆ ಕಟ್ಟಬಾರದು ಎಂದು ಚೀಟಿ ಬರೆದಿಟ್ಟಿದ್ದೆ. ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ ಅದನ್ನು ಒಳಗೆ ಹಾಕಲು ಮರೆತೆ. ಮನೆಯಲ್ಲಿ ಬೇರೆ ಯಾರ ತಪ್ಪೂ ಇದರಲ್ಲಿ ಇಲ್ಲ.

ಹೊಸ ಸೆಟ್ಟನ್ನು ನಾನು ತಂದು ಹಾಕಿಕೊಡುತ್ತೇನೆ. ನನ್ನನ್ನು ಬೈಯಿರಿ, ಅದು ನಿಮ್ಮ ಹಕ್ಕು. ಮೋಸಗಾರ ಎಂದು ಮಾತ್ರ ತಿಳಿಯಬೇಡಿ.

ಇತಿ,
ರತೀಶ್


ಕಿರಿಮಂಜೇಶ್ವರ
13 ಅಕ್ಟೋಬರ್ 2002

ರತೀಶನಿಗೆ ಕುಷ್ಟ ಸ್ವಂತ ಕೈಯಲ್ಲಿ ಬರೆಯುವುದು.

ಅಕ್ಷರ ಏಡಿ ನಡೆದ ಹಾಗಿದೆ. ನಿಧಾನಕ್ಕೆ ಓದು. ಮಗಳ ಕೈಯಲ್ಲಿ ಬರೆಸುವ ವಿಷಯ ಇದಲ್ಲ. ಅವಳೂ ತಾಯಿಯೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಏನು ಬರೆಯುತ್ತೇನೆ ಎಂದು ಇಣುಕುತ್ತಿದ್ದಾರೆ. ತೋರಿಸುವುದಿಲ್ಲ.

ನಿನ್ನ ಕಾಗದ ನಿನ್ನೆ ಭೋಜ ನನ್ನ ಕೈಯಲ್ಲೇ ಕೊಟ್ಟ. ಜಗಲಿಯಲ್ಲಿ ಕುಳಿತು ನಾನೇ ಓದಿದೆ. ಚೀಟಿ ಹಾಕಲು ಮರೆತೆ ಎಂದು ನೀನು ಬರೆದದ್ದನ್ನು ದೊಡ್ಡದಾಗಿ ಓದಿ, “ಕಾಣಿ, ಒಪ್ಕಂಡ!” ಎಂದೆ. ನನಗೆ ಗೆದ್ದ ಖುಷಿ. ಸ್ವರ್ಣ ಮೆಷಿನ್ ನಿಲ್ಲಿಸಿ ಎದ್ದು ಬಂದಳು. “ಸುಳ್ಳ್, ಅಪ್ಪಯ್ಯ. ಅವ್ರ್ ಬರ್ದಿದ್ರ್. ನಾನೇ ಅಡ್ಗ್ಸಿ ಇಟ್ಟದ್ದ್” ಎಂದಳು. ಖಾನೆಯಿಂದ ಹಾಳೆ ತೆಗೆದು ನನ್ನ ಕೈಯಲ್ಲಿ ಇಟ್ಟಳು. ನಾಲ್ಕಕ್ಕೆ ನಾಲ್ಕು ಸೇರಿದರೆ ಎರಡು ಎಂದು ನೀನು ಸರಿಯಾಗಿಯೇ ಬರೆದಿದ್ದೀಯ. ಓದಿ ಮಡಚಲು ಹೊರಟೆ. ಅವಳು ಅಲ್ಲಿಂದ ಹೋಗಲಿಲ್ಲ. “ಹಿಂದೂ ಓದಿ” ಎಂದಳು.

ಓದಿದೆ. ನನಗೆ ಓದಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಅವಳು ತಲೆ ತಗ್ಗಿಸದೆ ಎದುರೇ ನಿಂತಿದ್ದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಗ್ಯಾರಂಟಿ ಕಾಗದದ ವಿಷಯ ನೆನಪಾಗಿ ನಗು ಬಂತು. ನಗಬಾರದೆಂದು ಬಾವಿಕಟ್ಟೆಯ ಹತ್ತಿರ ಹೋಗಿ ನಿಂತೆ.

ನಿನ್ನ ಎರಡೂ ಕಾಗದವನ್ನು ನಿನ್ನೆಯಿಂದ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಬಂದರಿನಲ್ಲಿ ತೂಕ ಕಡಿಮೆ ಬಂದರೆ ಬುಟ್ಟಿ ಹೊತ್ತವ ದೋಣಿಯವನ ಮೇಲೆ ಹಾಕುತ್ತಿದ್ದ, ದೋಣಿಯವ ಮಂಜುಗಡ್ಡೆಯವನ ಮೇಲೆ ಹಾಕುತ್ತಿದ್ದ, ಕೊನೆಗೆ ಎಲ್ಲರೂ ಸೇರಿ ನನ್ನ ತಕ್ಕಡಿಯ ಮೇಲೆ ಹಾಕುತ್ತಿದ್ದರು. ತಪ್ಪು ನನ್ನದು ಎಂದು ಮುಂದೆ ಬಂದ ಒಬ್ಬನನ್ನೂ ಇಪ್ಪತ್ತೆಂಟು ವರ್ಷದಲ್ಲಿ ಕಾಣಲಿಲ್ಲ. ಇಲ್ಲಿ ನೀನು ನನ್ನದು ಎನ್ನುತ್ತೀಯ, ಅವಳು ನನ್ನದು ಎನ್ನುತ್ತಾಳೆ. ಕೇಳದೆ ತಂತಿ ಕಟ್ಟಿದವ ನಾನು, ನನ್ನ ಪಾಲೂ ಇದೆ. ಹೀಗೆ ಒಬ್ಬರ ತಪ್ಪಿಗೆ ಇನ್ನೊಬ್ಬರು ಹೆಗಲು ಕೊಡುವವರನ್ನು ಬೇರೆ ಬೇರೆ ಊರಿನಲ್ಲಿ ಇಟ್ಟರೆ ನನಗೆ ಊಟ ಸೇರುವುದಿಲ್ಲ.

ನೀನು ನನಗೆ ಒಂದು ಸುಳ್ಳು ಬರೆದಿದ್ದೀಯ. ಯಾರಿಗಾಗಿ ಎಂದು ಗೊತ್ತಾಯಿತು, ಅದಕ್ಕೆ ಬಿಟ್ಟಿದ್ದೇನೆ. ಇನ್ನು ಬರೆಯಬೇಡ. ಪಾಯಿಂಟ್ ಆರರ ವಿಷಯ ನನಗೆ ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ. ನೀನು ಬರೆದ ಹಾಗೆ ನಿನ್ನೆ ಸಂಜೆಯೇ ಶೇಖರನ ಮೀಟರ್ ತೆಗೆದುಕೊಂಡು ಕುಂದಾಪುರದ ಮೂರು ಅಂಗಡಿಗೆ ಹೋಗಿ ಅಳೆದೆ. ಎಲ್ಲ ಕಡೆ ನಿನ್ನದಕ್ಕಿಂತ ಕಡಿಮೆಯೇ ಬಂತು. ಇದನ್ನು ಹೇಳದಿದ್ದರೆ ನಾನು ಮೋಸಗಾರ ಆಗುತ್ತೇನೆ, ಅದಕ್ಕೆ ಹೇಳಿದೆ.

ದಶಮಿ ಕಳೆದ ಮೇಲಿನ ಭಾನುವಾರ ನಿನ್ನ ಅಪ್ಪ ಅಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬಾ. ಬಸ್ಸಿಗೆ ಕಾಯಬೇಡಿ, ಬೆಳಿಗ್ಗೆ ನಾನೇ ಕಾರು ತೆಗೆದುಕೊಂಡು ಬ್ರಹ್ಮಾವರಕ್ಕೆ ಬರುತ್ತೇನೆ. ಅವರಿಬ್ಬರೂ ಹಿಂದೆ ಕುಳಿತುಕೊಳ್ಳಲಿ, ನೀನು ನನ್ನ ಪಕ್ಕ ಮುಂದೆ ಕುಳಿತುಕೋ. ಹೊಸ ಸೆಟ್ಟು ಆ ದಿನ ತರಬೇಡ. ಹಾಡು ಇದ್ದರೆ ನಾನು ಅದನ್ನೇ ಕೇಳುತ್ತಾ ಬರುತ್ತೇನೆ, ನಿನಗೆ ಬಾಯಿಬಿಟ್ಟು ಕೇಳಲು ಇರುವುದನ್ನು ಕೇಳಲು ಆಗುವುದಿಲ್ಲ. ಬ್ರಹ್ಮಾವರದಿಂದ ಇಲ್ಲಿಗೆ ಬೇಕಾದಷ್ಟು ದಾರಿ ಇದೆ, ಧೈರ್ಯ ಬರುವವರೆಗೆ ನಿಧಾನಕ್ಕೆ ಬಿಡುತ್ತೇನೆ.

ಕೆಳಗೆ ಏನೆಂದು ಸಹಿ ಹಾಕಲಿ ಎಂದು ಜಲಜಳನ್ನು ಕೇಳಿದೆ. “ಹುಡ್ಗ ಇನ್ನೂ ಕೇಂಡದ್ದೇ ಇಲ್ಲೆ, ಮಾವ ಅಂದ್ಹೇಳಿ ಈಗ್ಳೇ ಬರುಕಾಗ” ಎಂದಳು. ಆದ್ದರಿಂದ ಸದ್ಯಕ್ಕೆ,

ಕುಷ್ಟ